ಸುಣ್ಣದ ಕತ್ತರಿ ಗುರುತು

ತಪ್ಪು ಮಾಡಿ ತಲೆಮರೆಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇವೆ. ಗಾಜಣ್ಣ ತನ್ನ ತಪ್ಪಿನ ಎದುರಿಗೇ ದಿನಾ ಹೋಗಿ ಕೂರುತ್ತಾನೆ. ಅದಕ್ಕೇ ಅವನ ಕಥೆ ಹೇಳಬೇಕು.

ಗಾಜು ಕೂರಿಸುವವನಾದ್ದರಿಂದ ಗಾಜಣ್ಣ. ಆ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಹೊಸ ಗಾಜು ಕೂತ ಕೂಡಲೇ ಅದರ ಮೇಲೆ ಸುಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಎಳೆಯಬೇಕು. ಇಲ್ಲದಿದ್ದರೆ ಖಾಲಿ ಜಾಗವೆಂದು ಜನ ನುಗ್ಗುತ್ತಾರೆ. ಮನೆಯವರು ಬಂದು ಸೇರುವ ತನಕ ಅದನ್ನು ಅಳಿಸುವಂತಿಲ್ಲ.

ಗುಡ್ಡದ ಅಂಚಿನಲ್ಲಿ ಅವನು ಗಾಜು ಕೂರಿಸುತ್ತಿದ್ದ ಒಂದು ಮನೆಗೆ ಗೋಡೆಯೇ ಇರಲಿಲ್ಲ. ತೆಳ್ಳನೆಯ ಕಬ್ಬಿಣದ ಕಂಬ, ಮೇಲೊಂದು ಚಪ್ಪಟೆ ತಾರಸಿ, ನೆಲದಿಂದ ಸೂರಿನವರೆಗೆ ಗಾಜು. ಒಳಗಿನ ಕಲ್ಲುಹಾಸು ಹೊಸ್ತಿಲಿಲ್ಲದೆ ಅಂಗಳಕ್ಕೂ ಹರಿದಿತ್ತು. ಮನೆ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ತಿಳಿಯಬಾರದೆಂಬುದೇ ನಕ್ಷೆ ಮಾಡಿದವರ ಆಸೆ. ಇಲ್ಲಿ ಸ್ನಾನ ಎಲ್ಲಿ ಮಾಡ್ತಾರಪ್ಪಾ ಎಂದು ಗಾರೆಯವರು ನಗುತ್ತಿದ್ದರು. ಗಾಜಣ್ಣನಿಗೆ ಮಾತ್ರ ಅದರ ಮೇಲೆ ಜೀವ. ಹೆಂಡತಿಗೆ ದಿನಾ ಅದನ್ನೇ ಬಣ್ಣಿಸುತ್ತಿದ್ದ.

ಕೊನೆಯ ಗಾಜು ಕೂತ ದಿನ ಅವಳು ನೋಡಲು ಹೊರಟಳು. ಅವಳ ಕಣ್ಣಿಗೆ ಮನೆ ಕಳೆಕಳೆಯಾಗಿ ಕಾಣಲೆಂದು ಗಾಜಣ್ಣ ಒದ್ದೆಬಟ್ಟೆ ಹಿಡಿದು ಗುರುತುಗಳನ್ನೆಲ್ಲ ತಾನೇ ಒರೆಸಿದ. ಅವಳು ಅಂಗಳಕ್ಕೆ ಬಂದಾಗ ಒಳಗೆ ನಿಂತು ಕೈ ಬೀಸಿ ಕರೆದ. ಅವಳು ನಗುತ್ತಾ ಅವನ ಕಡೆಗೇ ಓಡಿ ಬಂದಳು.

ಗಾಜು ಒಡೆಯಲಿಲ್ಲ.

ಮೂಗಿನ ಮೂಳೆ ಕೂಡಿಕೊಂಡಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಈಗ ಅವಳಿಗೆ ತೆರೆದ ಕಡೆಯೆಲ್ಲ ಗಾಜು. ಕೋಣೆಯ ಬಾಗಿಲು ದಾಟುವುದಿಲ್ಲ. ಡಾಕ್ಟರ ಗುಳಿಗೆಯೂ ಆಯಿತು. "ಕಾಣದ ಗಾಜಿಗೆ ಹೆದರ್ತಾಳೆ, ಕಣ್ಮುಂದೆ ಇರೋ ಅತ್ತೆಗೆ ಹೆದರಲ್ಲ" ಎಂದು ಅವನ ತಾಯಿ ಮೊದಮೊದಲು ಚುಚ್ಚುತ್ತಿದ್ದಳು. ಈಗ ಆ ತಾಯಿಯೂ ಚುಚ್ಚುವುದನ್ನು ಬಿಟ್ಟಿದ್ದಾಳೆ. ಗಾಜಣ್ಣ ಒಮ್ಮೆ ಹೆಂಡತಿಯನ್ನು ಎತ್ತಿಕೊಂಡೇ ದಾಟಿಸಲು ಹೋದ. ಅವಳು ಮುಖ ಮುಚ್ಚಿಕೊಂಡು ಚೀರಿದ್ದಕ್ಕೆ ಇಳಿಸಿಬಿಟ್ಟ. ತನ್ನ ಮನೆಯ ಬಾಗಿಲುಗಳನ್ನೆಲ್ಲ ಕಿತ್ತುಹಾಕಿ, ಆಚೆ ಬದಿ ಕೂತು ಕೈ ಚಾಚುತ್ತಾನೆ. ಅವಳು ಆ ಕೈ ಹಿಡಿಯುತ್ತಾಳೆ. ಹೆಜ್ಜೆ ಎತ್ತುವುದಿಲ್ಲ.

ಹಿಂದಿನ ಬೀದಿಯಲ್ಲಿ ಅವಳ ಅಪ್ಪ ಹಾಸಿಗೆ ಹಿಡಿದಿದ್ದಾರೆ. ಇವತ್ತೋ ನಾಳೆಯೋ ಅನ್ನುವಂತಿದೆ. ಮಗಳನ್ನೇ ಕೇಳುತ್ತಾರೆ. ಅವಳು ಸೀರೆ ಉಟ್ಟು ತಲೆ ಬಾಚಿಕೊಂಡು ಬಾಗಿಲ ತನಕ ಬರುತ್ತಾಳೆ, ಗಾಳಿಯಲ್ಲಿ ಕೈಯಾಡಿಸಿ ಹಿಂದೆ ಸರಿಯುತ್ತಾಳೆ.

"ಗುರುತಿಲ್ಲ ನೋಡೇ," ಎಂದ ಗಾಜಣ್ಣ ಮೊನ್ನೆ. "ಗುರುತಿಲ್ಲ ಅಂದ್ಮೇಲೆ ಗಾಜಿಲ್ಲ."

"ಅವತ್ತೂ ಇರ್ಲಿಲ್ಲ ರೀ."

ಗಾಜಣ್ಣ ಎದ್ದು ಇನ್ನೊಮ್ಮೆ ಬಾಗಿಲು ದಾಟಿ ತೋರಿಸಿದ.

ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ತಡ ಮಾಡಬೇಡಿ. ಬಾಗಿಲಿಲ್ಲದ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಹೊರಗೆ ನಿಂತು ಕರೆಯಬೇಡಿ, ಅವಳು ನೋಡುತ್ತಿರುವಾಗಲೇ ಸೀದಾ ಒಳಗೆ ನಡೆಯಿರಿ. ಹೊರಡುವಾಗಲೂ ಅವಳ ಕಣ್ಣೆದುರೇ ದಾಟಿ. ಎಷ್ಟು ಮಂದಿ ದಾಟಿದರೆ ಅವಳು ನಂಬುತ್ತಾಳೋ ಗೊತ್ತಿಲ್ಲ. ಗಾಜಣ್ಣ ಒಬ್ಬನೇ ದಾಟಿ ದಾಟಿ ಸೋತಿದ್ದಾನೆ.