ಕಿಟಕಿಯ ಎರಡೂ ಕಡೆ

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಕಚೇರಿಯೊಂದರಲ್ಲಿ ನಿರುದ್ಯೋಗಿಗಳ ಹೆಸರು ಬರೆದುಕೊಳ್ಳುವ ಗುಮಾಸ್ತರೊಬ್ಬರಿದ್ದರು. ಕೆಲಸ ಹುಡುಕುತ್ತಿದ್ದ ನಮ್ಮ ನೋಂದಣಿ ಕಾರ್ಡಿನ ಮೇಲೆ ಉಫ್ ಎಂದು ಊದಿ, ಸೀಲು ಒತ್ತಿ, ಕನ್ನಡಕದ ಮೇಲಿಂದ ನೋಡಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: “ಕೈಯಾಗ ಒಂದು ಕಸಬು ಇರ್ಲಿ. ಸರ್ಕಾರದ ವೆಲ್ಡಿಂಗ್ ಟ್ರೇನಿಂಗ್ ಐತಿ, ಫಾರಂ ತುಂಬ್ರಿ.”

ಸಿರುಗುಪ್ಪದಿಂದ ಬಸ್ಸು ಹತ್ತಿ ಬರುತ್ತಿದ್ದ ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಅವರು ಕೂತಿದ್ದಂಥ ಕುರ್ಚಿ. ಮೂರು ವರ್ಷ ಆ ಫಾರಂ ಮುಟ್ಟಲಿಲ್ಲ.

ಒಂದು ದಿನ ಅವರು ಕಿಟಕಿಯ ಹಿಂದಿನ ಕುರ್ಚಿ ಬಿಟ್ಟು ಹೊರಬಂದು, ಸರದಿಯಲ್ಲಿ ನನ್ನ ಹಿಂದೆ ನಿಂತರು. ಕೈಯಲ್ಲಿ ನಮ್ಮಂಥದೇ ಕಾರ್ಡು.

“ಇದೇನ್ರೀ ಸಾಹೇಬ್ರ?”

“ನಾನೂ ಟೆಂಪರರಿ ಅದೀನ್ರಿ. ಕಾರ್ಡ್ ರಿನಿವಲ್ ಮಾಡಿಸ್ಬೇಕು. ಖುದ್ದು ಪಾಳಿ ಹಚ್ಚಬೇಕಂತ ರೂಲ್ ಐತಿ.”

ಸರದಿ ಕದಲಲಿಲ್ಲ. ಹತ್ತು ನಿಮಿಷವಾದ ಮೇಲೆ ಅವರೇ ಸಿಡುಕಿದರು: “ಕಿಟಕ್ಯಾಗ ಯಾರೂ ಇಲ್ಲೇನ್ರೀ? ಹಿಂಗಾದ್ರ ಜನ ಏನ್ ಮಾಡ್ಬೇಕು?”

ನಾನು ತಿರುಗಿ ಅವರ ಮುಖ ನೋಡಿದೆ. ಅವರು ನಾಲಿಗೆ ಕಚ್ಚಿಕೊಂಡು, ತಮ್ಮ ಕಾರ್ಡನ್ನು ನನ್ನ ಕೈಗೆ ತುರುಕಿ, “ನನ್ನ ಪಾಳಿ ನೋಡ್ಕೊಳ್ರಿ” ಎಂದು ಒಳಗೆ ಓಡಿದರು.

ನನ್ನ ಸರದಿ ಬಂದಾಗ ಎರಡೂ ಕಾರ್ಡು ಕೊಟ್ಟೆ. ನನ್ನದಕ್ಕೆ ಊದಿ ಒತ್ತಿದರು. ತಮ್ಮದಕ್ಕೂ ಊದಿ ಒತ್ತಿದರು. ಆದರೆ ಅಂದು ಉಪದೇಶ ಹೊರಡಲಿಲ್ಲ. ಕೊನೆಗೆ ನಾನೇ ಹೇಳಿದೆ: “ಸಾಹೇಬ್ರ, ಕೈಯಾಗ ಒಂದು ಕಸಬು ಇರ್ಲಿ.”

ಅವರು ಕನ್ನಡಕದ ಮೇಲಿಂದ ನೋಡಿದರು. ಡ್ರಾಯರ್ ಎಳೆದು ಎರಡು ಫಾರಂ ತೆಗೆದರು.

“ಪೆನ್ನು ಒಂದೇ ಐತಿ. ಮೊದ್ಲು ನೀವು ತುಂಬ್ರಿ.”