ಟಿಬಿ ಬಂತೆಂದು ಹಂಚಿದ ಪೇಡೆ

ಮೊನ್ನೆ ನಮ್ಮೂರಿನ ಕಾಳುಕಡಿ ಪೇಟೆ ಗಾಂಧಿ ಗಂಜಿನ ಮೂಲೆಯಲ್ಲಿ ಖೋವಾ ಕಾಯುವ ವಾಸನೆ ಮೂಗಿಗೆ ಬಡಿದು, ಕಾಲು ತಾನಾಗಿ ಮಿಠಾಯಿ ಅಂಗಡಿಯ ಮುಂದೆ ನಿಂತಿತು. ಅಂಗಡಿಯವನು ನನ್ನನ್ನು ಕಂಡವನೇ, "ಏನ್ ಮುತ್ಯಾ, ಈ ಸಲ ಮನ್ಯಾಗ ಯಾವ ಬ್ಯಾನಿ ಬಂದದರಿ?" ಎಂದ. ನಗಬೇಡಿ, ಕೇಳುವ ಹಕ್ಕು ಅವನಿಗಿದೆ. ಮೊಮ್ಮಗಳಿಗೆ ಟಿಬಿ ಬಂತೆಂದು ಅವನಲ್ಲೇ ಪೇಡೆ ಕೊಂಡು ಓಣಿಗೆಲ್ಲ ಹಂಚಿದವನು ನಾನು.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮುಂದಿನದೆಲ್ಲ ಇದೇ ಗಂಜಿನಲ್ಲಿ ಹಮಾಲನಾಗಿ ಬೆನ್ನ ಮೇಲೆ ಕಲಿತದ್ದು. ಚೀಲ ಎತ್ತಿದರೆ ಸಾಕು, ಒಳಗಿರುವುದು ತೊಗರಿಯೋ ಕಡಲೆಯೋ, ಒಣಗಿದೆಯೋ ಹಸಿಯೋ ಹೇಳಿಬಿಡುತ್ತಿದ್ದೆ. ಅದೇ ಸೊಕ್ಕಿನಲ್ಲಿ ಮನೆಮಂದಿಯ ರೋಗವನ್ನೂ ಹೇಳುತ್ತಿದ್ದೆ.

ಮೊಮ್ಮಗಳು ರೂತಮ್ಮ ಬೀದರದ ನಮ್ಮ ಮನೆಯಲ್ಲೇ ಇದ್ದು, ದಿನಾ ಬಸ್ಸಿನಲ್ಲಿ ಔರಾದಕ್ಕೆ ಹೋಗಿ ಶಾಲೆಯಲ್ಲಿ ಕಲಿಸುತ್ತಾಳೆ. ಅವಳು ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದಳು. ನಾನು ಹೆಂಡತಿಯ ಸಾರಿನ ಉಪ್ಪನ್ನು ಬೈದೆ. ತಲೆನೋವೆಂದಳು, ಮಕ್ಕಳ ಗದ್ದಲ ಎಂದೆ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಳು, "ಮೊಬೈಲ್ ನೋಡ್ಕೋತ ನಡದ್ರ ಮತ್ತೇನಾಗ್ತದ?" ಎಂದೆ.

ಒಂದು ದಿನ ಅವಳೇ ಹೇಳಿದಳು: "ಮುತ್ಯಾ, ಎರಡೂ ಕಡಿ ಗ್ವಾಡಿ ಮಗ್ಗಲಿಗೆ ಕೂತ್ರ ಟೀಚರ್‌ಗ ಕಾಣಂಗಿಲ್ಲ ಅಂತ ಮಕ್ಕಳಿಗೆ ಗೊತ್ತಾಗ್ಯಾದ. ಅಲ್ಲೇ ಕೂತು ಪೇರಲ ತಿಂತಾವ."

ನಾನು ನಕ್ಕೆ. ಅವಳು ನಗಲಿಲ್ಲ.

ಭಾಲ್ಕಿಗೆ ಬೀಗರ ಮನೆಯ ಮದುವೆಗೆಂದು ಹೋದಾಗ ಹೆಂಡತಿಯೇ ಅವಳನ್ನು ಕಣ್ಣಿನ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು. ಅವರು ಅವಳ ಮುಖದ ಎರಡೂ ಪಕ್ಕದಲ್ಲಿ ಬೆರಳು ಅಲುಗಿಸಿ ತೋರಿಸಿದರು. ರೂತಮ್ಮನಿಗೆ ಒಂದೂ ಕಾಣಲಿಲ್ಲ. "ಇದು ಚಷ್ಮಾದ ಕೆಲಸ ಅಲ್ಲರಿ. ತಲಿ ಸ್ಕ್ಯಾನ್ ಮಾಡಸ್ರಿ, ತಡಾ ಮಾಡಬ್ಯಾಡ್ರಿ" ಎಂದರು.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಕನ್ನಡ ಬಲ್ಲ ಡಾಕ್ಟರೊಬ್ಬರು ತಿಳಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ, ಹೆಸರು ಪಿಟ್ಯುಟರಿ. ನಮ್ಮ ಹಮಾಲರ ಮುಕಾದಮನ ಹಾಗೆ ಇಡೀ ಮೈಗೆ ಹುಕುಂ ಕೊಡುವುದು ಅದೇ. ಅದು ಬಾತು ಕಣ್ಣಿನ ನರವನ್ನು ಒತ್ತುತ್ತಿತ್ತು. ಆ ನೀರಡಿಕೆ, ತಲೆನೋವು ಎಲ್ಲ ಅದರದೇ ಕಾಟ. ಜೀವಮಾನವೆಲ್ಲ ಕಡಲೆ ಚೀಲ ಹೊತ್ತವನನ್ನು ಒಂದು ಕಾಳು ಕೆಡವಿತು ನೋಡಿ.

"ಗಡ್ಡಿ ಇದ್ದಂಗ ಕಾಣ್ತದ. ಆದ್ರ ಬರೇ ಫೋಟೋ ನೋಡಿ ಹೇಳಾಕ ಬರಂಗಿಲ್ಲ. ಮೂಗಿನ್ಯಾಗಿಂದ ಹೋಗಿ ಚೂರು ತಗೊಂಡು ನೋಡ್ತೇವಿ" ಎಂದರು.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಮಾತ್ರ ಆಗಲೇ ಆ ಡಾಕ್ಟರ ಮೇಲೆ ಭರವಸೆ ಹುಟ್ಟಿತು. ಗಂಜಿನಲ್ಲಿ ಖರೀದಿದಾರ ಚೀಲ ಬಿಚ್ಚುವುದಿಲ್ಲ. ಮೊನಚಾದ ಕಬ್ಬಿಣದ ಕೊಳವೆ ಚುಚ್ಚಿ, ನಡುವಿನ ಹಿಡಿ ಕಾಳು ಹೊರಗೆಳೆದು ನೋಡುತ್ತಾನೆ. ನನ್ನ ಬೆನ್ನಿನ ಅಂದಾಜನ್ನು ಆ ಕೊಳವೆ ಎಷ್ಟು ಸಲ ಸುಳ್ಳು ಮಾಡಿಲ್ಲ! "ಹೌದ್ರಿ ಸಾಹೇಬ್ರ, ಚುಚ್ಚೇ ನೋಡಬೇಕು" ಎಂದು ನಾನು ಅಪ್ಪಣೆ ಕೊಟ್ಟ ಠೀವಿಗೆ ರೂತಮ್ಮ ಆ ಭಯದಲ್ಲೂ ನಕ್ಕಳು.

ಚೂರಿನ ಪರೀಕ್ಷೆ ಮುಗಿದು ಡಾಕ್ಟರು ಕರೆದರು. "ಕ್ಯಾನ್ಸರ್ ಅಲ್ಲರಿ, ಟಿಬಿ. ಇಲ್ಲಿ ಬಂದು ಕೂಡೋದು ಭಾಳ ಅಪರೂಪ. ಗುಳಿಗಿಗೆ ಹೋಗ್ತದ. ಪುಪ್ಪುಸದಾಗ ಏನೂ ಇಲ್ಲ, ಯಾರಿಗೂ ಹತ್ತಂಗಿಲ್ಲ."

ನನಗಷ್ಟೇ ಸಾಕಾಯಿತು. ಬೀದರಕ್ಕೆ ಬಂದವನೇ ಪೇಡೆ ಪೊಟ್ಟಣ ಹಿಡಿದು ಪಕ್ಕದ ಮನೆಗೆ ಹೋದೆ. "ಏನ್ ಖುಷಿ ಸುದ್ದಿರಿ ಕಾಕಾ?" ಎಂದಳು ಮನೆಯಾಕೆ. "ಮೊಮ್ಮಗಳಿಗೆ ಟಿಬಿ ಆಗ್ಯಾದವ್ವಾ!" ಎಂದೆ. ಆಕೆ ಪೇಡೆಯನ್ನು ಬಾಯಿಗೂ ಹಾಕದೆ, ಕೆಳಗೂ ಇಡದೆ ನಿಂತಳು. ಹಿಂದಿನಿಂದ ನನ್ನ ಹೆಂಡತಿ ಕೂಗಿದಳು: "ಮೊದಲ ಪೂರ್ತಿ ಹೇಳ್ರಿ, ಆಮ್ಯಾಗ ಕೊಡ್ರಿ!"

ಆದರೆ ಕಣ್ಣಿನ ಮಾತು ಉಳಿದೇ ಇತ್ತು. ನೋಟ ಎಷ್ಟು ಮರಳುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ತಿಂಗಳುಗಟ್ಟಲೆ ಗುಳಿಗೆ ನುಂಗಿದಳು. ಟಿಬಿಯವು ಈಗ ಮುಗಿದಿವೆ. ಸೊರಗಿದ ಗ್ರಂಥಿಯ ಕೆಲಸ ಮಾಡಲೆಂದು ಕೊಟ್ಟ ಗುಳಿಗೆಗಳು ಬಹುಶಃ ಕೊನೆತನಕ ಬೇಕು. ಕಣ್ಣು ಹೇಗಿದೆ ಎಂದು ಕೇಳಲು ಮಾತ್ರ ನನಗೆ ಧೈರ್ಯವಿರಲಿಲ್ಲ.

ನಿನ್ನೆ ಸಂಜೆ ಅವಳು ಕಟ್ಟೆಯ ಮೇಲೆ ಕೂತು ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದಳು. ನಾನು ಬಲಗಡೆ ಕೂತು, ಬಿಟ್ಟಿದ್ದೇನೆಂದು ಎಲ್ಲರಿಗೂ ಹೇಳಿದ್ದ ತಂಬಾಕಿನ ಡಬ್ಬಿಯನ್ನು ಮೆಲ್ಲಗೆ ಹೊರತೆಗೆದೆ.

"ಮುತ್ಯಾ, ಡಬ್ಬಿ ಒಳಗ ಇಡ್ರಿ" ಎಂದಳು. ಮುಖ ಪುಸ್ತಕದಿಂದ ಅಲುಗಿರಲಿಲ್ಲ.

ಎದ್ದೆ. ಸುತ್ತು ಹಾಕಿ ಅವಳ ಎಡಗಡೆ ಬಂದು ಕೂತೆ. ಡಬ್ಬಿಯನ್ನು ಮತ್ತೆ ತೆಗೆದೆ.

"ಮುತ್ಯಾ! ಒಮ್ಮಿ ಹೇಳಿದ್ರ ತಿಳಿಯಂಗಿಲ್ಲೇನ್ರಿ?" ಮುಖ ಈಗಲೂ ಪುಸ್ತಕದ ಮೇಲೇ ಇತ್ತು.

ಡಬ್ಬಿಯನ್ನು ಅವಳ ಕೈಯಲ್ಲೇ ಇಟ್ಟುಬಿಟ್ಟೆ.