ಜಾತಿ ಗಿಡ

ಮೊನ್ನೆ ಯಲಹಂಕದಲ್ಲಿ ತಳ್ಳುಗಾಡಿಯವನೊಬ್ಬ ಚಕ್ಕೋತದ ಸಿಪ್ಪೆ ಸುಲಿಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. ಎದುರುಮನೆ ದೊಡ್ಡಮ್ಮ ಕಣ್ಣೆದುರು ಬಂದರು... ಅವರು ಮಾಡಿದ್ದನ್ನು ಇಂದಿಗೂ ಮರೆಯಲಾಗಿಲ್ಲ.

ಆಗ ನಾವು ಅಟ್ಟೂರಿನಲ್ಲಿ ಬಾಡಿಗೆಗಿದ್ದೆವು. ದೊಡ್ಡಮ್ಮ ಅದೇ ಊರಿನ ಹಳೇ ಒಕ್ಕಲು ಮನೆತನದವರು. ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೂ ಅಂಗಳದ ಚಕ್ಕೋತದ ಮರವೊಂದನ್ನು ಉಳಿಸಿಕೊಂಡಿದ್ದರು. ಗೌರಿ ಹಬ್ಬಕ್ಕೆ ಮೊದಲ ಹಣ್ಣು ದೇವರಿಗೆ, ಆಮೇಲಿನದು ನಮ್ಮ ಮನೆಗೆ. "ತಿನ್ನವ್ವ, ಜಾತಿ ಗಿಡದ್ದು" ಎನ್ನುತ್ತಿದ್ದರು. ಒಳ್ಳೆಯ ತಳಿಗೆ ನಮ್ಮ ಕಡೆ ಹಾಗೆ ಹೇಳುವುದುಂಟು. ಅವರ ಬಾಯಲ್ಲಿ ಮಾತ್ರ ಆ ಮಾತು ಮರಕ್ಕಷ್ಟೇ ನಿಲ್ಲುತ್ತಿರಲಿಲ್ಲ. ಇದ್ದೊಬ್ಬ ಮಗಳು ಬೇರೆ ಜಾತಿಯವನನ್ನು ಮದುವೆಯಾಗಿ ಚಿಕ್ಕಬಾಣಾವರದಲ್ಲಿದ್ದಳು. ಒಮ್ಮೆ ಹಸುಗೂಸನ್ನು ಎತ್ತಿಕೊಂಡು ಗೇಟಿನ ತನಕ ಬಂದವಳನ್ನು, "ಆ ಬೆರಕೆ ಕೂಸ್ನ ನನ್ ಅಂಗ್ಳಕ್ ತರ್ಬ್ಯಾಡ" ಎಂದು ಅಲ್ಲಿಂದಲೇ ಅಟ್ಟಿದರು. ನನಗೆ ಮೈ ಉರಿದುಹೋಗಿತ್ತು. ಹಬ್ಬಕ್ಕೆ ಕರೆದು ಹಣ್ಣು ಕೊಡುವ ದೊಡ್ಡಮ್ಮ ಇವರೇನಾ ಅನ್ನಿಸಿತು.

ನಾನು ಹೆಬ್ಬಾಳದ ಕಡೆ ಒಂದು ಸಸ್ಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಚಕ್ಕೋತ, ಹೇರಳೆ, ನಿಂಬೆ ಎಲ್ಲ ಒಂದೇ ಬಳಗ. ಅಕ್ಕಪಕ್ಕ ಇದ್ದರೆ ಜೇನ್ನೊಣ ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸದೆ ಸುಮ್ಮನಿರುವುದಿಲ್ಲ. ಬರೀ ಎಲೆ ನೋಡಿ ಇದು ಇಂಥದ್ದೇ ಎನ್ನಲು ಹೋದರೆ ಎಷ್ಟೋ ಸಲ ಮೋಸ ಹೋಗುತ್ತೇವೆ. ಅದಕ್ಕೇ ಎಲೆ ಅರೆದು ಡಿಎನ್‌ಎ ತೆಗೆಯುತ್ತಿದ್ದೆವು. ಒಂದೊಂದು ಜಾತಿಗೂ ಅದರದೇ ಗುರುತುಗಳಿವೆ. ಕೊನೆಗೆ ಯಂತ್ರ ತೆಗೆಯುವ ಚಿತ್ರದಲ್ಲಿ ಅವು ಗೆರೆಗಳಾಗಿ ಕಾಣುತ್ತವೆ. ಬೆರಕೆ ಗಿಡವಾದರೆ ಅಪ್ಪನ ಗೆರೆಯೂ ಇರುತ್ತದೆ, ಅಮ್ಮನ ಗೆರೆಯೂ ಇರುತ್ತದೆ. ಇದನ್ನೆಲ್ಲ ಕೇಳಿದ ದೊಡ್ಡಮ್ಮ ಒಂದು ದಿನ ತಾವೇ ಎಳೆ ಎಲೆ ಕಿತ್ತುಕೊಟ್ಟರು.

"ನಿನ್ ಮಿಸನ್ನಿಗಾಕ್ ನೋಡವ್ವ. ಜಾತಿ ಗಿಡ ಅಂತ್ಲೇ ಏಳ್ತದೆ."

ಹೇಳಲಿಲ್ಲ. ಚಕ್ಕೋತದ ಗೆರೆ, ಜೊತೆಗೆ ಹೇರಳೆಯ ಗೆರೆ... ನಂಬಿಕೆ ಬರದೆ ಬೇರೆ ಎಲೆ ತಂದು ಮತ್ತೆ ಮಾಡಿದೆ. ಅದೇ ಬಂತು. ಒಳಗೊಳಗೇ ನನಗೆ ಖುಷಿಯಾಯಿತು. ಇದನ್ನು ಕೇಳಿದರೆ ದೊಡ್ಡಮ್ಮನ ಮನಸ್ಸು ಕರಗೀತು, ಮಗಳೂ ಮೊಮ್ಮಗುವೂ ಮನೆ ಸೇರಿಯಾರು ಎಂದುಕೊಂಡೆ.

ಜಗಲಿಯಲ್ಲಿ ಕೂತು ಮೆಲ್ಲಗೆ ಹೇಳಿದೆ. "ನಿಮ್ಮ ಮರ ಬೆರಕೆ ದೊಡ್ಡಮ್ಮ. ಚಕ್ಕೋತಕ್ಕೆ ಹೇರಳೆ ಸೇರಿದೆ. ಅದಕ್ಕೇನೀಗ? ಹಣ್ಣು ರುಚಿಯಾಗಿಲ್ವಾ? ದೇವ್ರೂ ಒಲ್ಲೆ ಅಂದಿಲ್ವಲ್ಲ."

ಅವರು ಮರವನ್ನೇ ನೋಡುತ್ತ ಕೂತರು.

"ಇಷ್ಟ್ ವರ್ಸ ದ್ಯಾವ್ರಿಗೆ ನಾನು ಇದ್ನಾ ಇಕ್ಕಿದ್ದು?" ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಗರಗಸದ ಸದ್ದಿಗೆ ಎದ್ದು ಓಡಿದೆ. ಮರ ಅಂಗಳದಲ್ಲಿ ಅಡ್ಡ ಬಿದ್ದಿತ್ತು. ಕಾಯಿಗಳು ಗೇಟಿನ ತನಕ ಉರುಳಿದ್ದವು, ಬೀದಿಯೆಲ್ಲ ಇದೇ ವಾಸನೆ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲೆ ಗುಡಿಸುತ್ತಿದ್ದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮಗುವಿಗೆ ಆ ಗೇಟು ಇನ್ನು ಯಾವತ್ತೂ ತೆರೆಯುವುದಿಲ್ಲ ಎಂದು ಆ ಕ್ಷಣ ಗೊತ್ತಾಗಿಹೋಯಿತು. ತೆರೆಯಲೂ ಇಲ್ಲ.

ದೊಡ್ಡಮ್ಮ ತೀರಿಕೊಂಡ ದಿನ ಮಗಳು ಬಂದಳು, ಶಾಲೆಗೆ ಹೋಗುವಷ್ಟು ಬೆಳೆದ ಮಗುವಿನ ಕೈ ಹಿಡಿದುಕೊಂಡು. ಅಂಗಳದಲ್ಲಿ ಸುತ್ತ ನೋಡಿದಳು.

"ಅಕ್ಕಾ, ಮರ ಎಲ್ಲಿ? ಅಮ್ಮಂಗೆ ನನಗಿಂತ ಅದೇ ಹೆಚ್ಚಾಗಿತ್ತಲ್ವಾ..."

"ಹುಳ ಹಿಡಿದಿತ್ತು ಕಣೇ" ಎಂದೆ.

ಆ ಹಣ್ಣಿನ ಹುಳಿಸಿಹಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ. ಅಂಥ ಬೆರಕೆ ಮರ ಅದೊಂದೇ ಇತ್ತು... ತಳ್ಳುಗಾಡಿಯವನು ಒಂದು ತೊಳೆ ಬಿಡಿಸಿ ನನ್ನತ್ತ ಚಾಚಿದ. "ತಗೊಳ್ಳಿ ಅಕ್ಕಾ, ತಿಂದ್ ನೋಡಿ. ಜಾತಿ ಹಣ್ಣು."

ನನ್ನ ಕೈ ಮುಂದೆ ಹೋಗಲಿಲ್ಲ.